ಸಬ್‌ವೂಫರ್ ಇರೋದು ಬೀದಿಗಲ್ಲ ಕಣ್ರೋ

ಭಾಗ 1

ಮೊದಲ ಫೋಟೊ ಸ್ವಲ್ಪ ಜೂಮ್ ಮಾಡಿ ನೋಡಿ. ಟಿವಿ ಕೆಳಗೆ ಶೋಕೇಸ್. ಅದರ ಮೇಲೆ ಸಾಲಾಗಿ ಐದು ಸ್ಪೀಕರ್, ಗ್ರೂಪ್ ಫೋಟೊಗೆ ನಿಂತ ಹೈಸ್ಕೂಲ್ ಮಕ್ಕಳ ಥರ. ಮೂಲೆಯಲ್ಲಿ ಸಬ್‌ವೂಫರ್, ಅದರ ಮೇಲೆ ಅಮ್ಮ ಹೆಣೆದ ಬಟ್ಟೆ, ಬಟ್ಟೆ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ಯಾರ ಮನೇದೋ ಅಲ್ಲ, ನಮ್ಮನೇದೇ. ಹೋದ ವರ್ಷ ದೀಪಾವಳಿಯಲ್ಲಿ ತೆಗೆದಿದ್ದು. "ಮನೇಲೇ ಥಿಯೇಟರ್" ಅಂತ ಹಾಕಿದ್ದೆ, ನಿಮ್ಮಲ್ಲೇ ಸುಮಾರು ಜನ ಬೆಂಕಿ ಎಮೋಜಿ ಒತ್ತಿದ್ರಿ.

ಆ ಫೋಟೊದಲ್ಲಿ ಸರಿಯಾಗಿರೋದು ಹೂವಿನ ಕುಂಡ ಒಂದೇ.

ಈಗ ಯಾಕೆ ಇದನ್ನ ಕೆದಕ್ತಿದೀನಿ ಅಂದ್ರೆ, ಈ ವಾರ ನಮ್ಮ ಕ್ಲಾಸಿನ ಮೂರು ಜನ ಹೊಸ ಹೋಂ ಥಿಯೇಟರ್ ರೀಲ್ ಹಾಕಿದ್ದಾರೆ. ಒಬ್ಬ ಸಬ್‌ವೂಫರ್ ತೂತಿನ ಮುಂದೆ ಹತ್ತು ರೂಪಾಯಿ ನೋಟು ಹಿಡಿದು ಪಟಪಟ ಹಾರಿಸ್ತಾನೆ. ಇನ್ನೊಬ್ಬ ಲೋಟದಲ್ಲಿ ನೀರು ಕುಣಿಸ್ತಾನೆ. ಮೂರನೆಯವನು ಕಿಟಕಿ ಗಾಜು ಗಡಗಡ ಅನ್ನೋದನ್ನೇ ರೆಕಾರ್ಡ್ ಮಾಡಿ "ಗೋಡೆ ಅದುರ್ತಿದೆ ಮಗಾ" ಅಂತಾನೆ. ಸಾವಿರಗಟ್ಟಲೆ ಲೈಕ್.

ಬೇಜಾರಾದ್ರೂ ಪರವಾಗಿಲ್ಲ, ಹೇಳ್ತೀನಿ. ನೀವು ಸೌಂಡ್ ಸಿಸ್ಟಮ್ ಕೊಂಡಿದ್ದೀರಿ, ಸೆಟ್ ಮಾಡಿಲ್ಲ. ಸರಿಯಾಗಿ ಸೆಟ್ ಆದ ಸಬ್‌ವೂಫರ್ ಎಲ್ಲಿದೆ ಅಂತ ಸೋಫಾ ಮೇಲೆ ಕೂತವರಿಗೆ ಗೊತ್ತಾಗಬಾರದು. ಇದೆ ಅಂತಲೇ ಪಕ್ಕದ ಮನೆಯವರಿಗೆ ಗೊತ್ತಾಗಬಾರದು. ಗಾಜು ಅದುರಿದ್ರೆ ಅದು ಪವರ್ ಅಲ್ಲ, ಸೋರಿಕೆ.

#ಹೋಂಥಿಯೇಟರ್ #ನಮ್ಮನೆಹಾಲ್ #ಬೇಸ್‌ಭ್ರಮೆ

ಭಾಗ 2

ಮೊದಲು ವ್ಯಾಟ್ ವಿಷಯ ಮುಗಿಸಿಬಿಡೋಣ. ನಾವೆಲ್ಲ ಬಿಕಾಂ, ದೊಡ್ಡ ನಂಬರ್ ನೋಡಿದ ತಕ್ಷಣ ಅನುಮಾನ ಬರಬೇಕಿತ್ತು. ನಂಗೆ ಬರಲಿಲ್ಲ. ಅಂಗಡಿಯವರು ಡಬ್ಬದ ಮೇಲೆ ಬೆರಳಿಟ್ಟು "10,000 ವ್ಯಾಟ್ ಪಿಎಂಪಿಒ ಸಾರ್" ಅಂದ್ರು. ಅಪ್ಪ ನನ್ನ ಮುಖ ನೋಡಿದ್ರು. ನಾನು ದೊಡ್ಡ ತಜ್ಞನ ಥರ ತಲೆ ಆಡಿಸಿದೆ. 12,500 ರೂಪಾಯಿ. ಅಪ್ಪ ಚೀಟಿ ಎತ್ತಿದ ದುಡ್ಡು ಅದು. ಸ್ಕೂಟರ್ ಟೈರ್ ಬದಲಾಯಿಸೋದನ್ನ ಮುಂದಕ್ಕೆ ಹಾಕಿ ಕೊಟ್ಟಿದ್ದು.

ಮನೆಗೆ ಬಂದು ಎಷ್ಟೋ ದಿನದ ಮೇಲೆ ಲೆಕ್ಕ ಹಾಕಿದೆ. ಟಿವಿ ಪಕ್ಕದ ಪ್ಲಗ್ ಪಾಯಿಂಟ್ 6 ಆಂಪ್ಸ್. ಮನೆಗೆ ಬರೋ ಕರೆಂಟ್ 230 ವೋಲ್ಟ್. ಗುಣಿಸಿ: 1,380 ವ್ಯಾಟ್. ಆ ಸಾಕೆಟ್‌ನ ಯೋಗ್ಯತೆ ಅಷ್ಟೇ. 10,000 ವ್ಯಾಟ್ ನಿಜವಾಗ್ಲೂ ಎಳೀಬೇಕು ಅಂದ್ರೆ 43 ಆಂಪ್ಸ್ ಮೇಲೆ ಬೇಕು. ಗೀಸರ್‌ಗೆ ಹಾಕ್ಸೋ ದೊಡ್ಡ ಸಾಕೆಟ್ಟೇ 16 ಆಂಪ್ಸ್. ಹಾಗಾದ್ರೆ ಡಬ್ಬದ ಮೇಲಿನ ನಂಬರ್ ಏನು? ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲದ ಒಂದು ಕ್ಷಣದ ಲೆಕ್ಕ. ಅದನ್ನ ಹೀಗೇ ಅಳೀಬೇಕು ಅನ್ನೋ ಒಪ್ಪಿತ ನಿಯಮವೂ ಇಲ್ಲ. ಡಬ್ಬ ಮಾಡಿದವನ ಮನಸ್ಸಿಗೆ ಬಂದಷ್ಟು.

ನಮ್ಮ ಸೆಟ್‌ನ ಮ್ಯಾನುಯಲ್‌ನ ಕೊನೇ ಪುಟದಲ್ಲಿ, ಇರುವೆ ಸೈಜಿನ ಅಕ್ಷರದಲ್ಲಿ ಬರೆದಿತ್ತು: ಆರ್‌ಎಂಎಸ್ 80 ವ್ಯಾಟ್. ಐದು ಸ್ಪೀಕರ್, ಸಬ್ ಎಲ್ಲಾ ಸೇರಿ. ವಿಂಡೋ ಡ್ರೆಸ್ಸಿಂಗ್ ಅಂತ ಅಕೌಂಟ್ಸ್ ಕ್ಲಾಸಲ್ಲಿ ಓದಿದ್ವಲ್ಲ, ವರ್ಷದ ಕೊನೇಲಿ ಬ್ಯಾಲೆನ್ಸ್ ಶೀಟ್‌ಗೆ ಪೌಡರ್ ಹಚ್ಚೋದು? ಪಿಎಂಪಿಒ ಅದೇ. ಆರ್‌ಎಂಎಸ್ ಅಂದ್ರೆ ಆಡಿಟ್ ಆದ ನಂಬರ್.

ತಮಾಷೆ ಏನ್ ಗೊತ್ತಾ? 80 ವ್ಯಾಟ್ ನಮ್ಮ ಹಾಲ್‌ಗೆ ಧಾರಾಳ ಸಾಕು. ವ್ಯಾಟ್ ಡಬಲ್ ಮಾಡಿದ್ರೆ ಶಬ್ದ ಡಬಲ್ ಆಗಲ್ಲ, 3 ಡೆಸಿಬಲ್ ಮಾತ್ರ ಏರುತ್ತೆ. ಕಿವಿಗೆ "ಎರಡು ಪಟ್ಟು ಜೋರು" ಅನ್ನಿಸೋಕೆ ಸುಮಾರು 10 ಡೆಸಿಬಲ್ ಬೇಕು, ಅಂದ್ರೆ ವ್ಯಾಟ್ ಹತ್ತು ಪಟ್ಟು. ಇನ್ನೂ ಐದು ಸಾವಿರ ಹಾಕಿ ಮೇಲಿನ ಮಾಡೆಲ್ ತಗೊಂಡವನಿಗೂ ನಿಮಗೂ ವ್ಯತ್ಯಾಸ ಕೇಳ್ಸೋದೇ ಕಷ್ಟ.

ಭಾಗ 3

ಸರೌಂಡ್ ಅಂದ್ರೆ ಸುತ್ತ. ಶೋಕೇಸ್ ಮೇಲೆ ಐದನ್ನೂ ಸಾಲಾಗಿ ಇಟ್ರೆ ಅದು ಸುತ್ತ ಅಲ್ಲ, ಎದುರು. ಹಿಂದೆ ಇರಬೇಕಾದ ಎರಡು ಸ್ಪೀಕರ್ ಮುಂದೆ ಕೂತಿದ್ರೆ ಕಾಸ್ಟಿಂಗ್ ಭಾಷೇಲಿ ಐಡಲ್ ಕೆಪಾಸಿಟಿ. ದುಡ್ಡು ಕೊಟ್ಟಿದ್ದೀರಿ, ಕೆಲಸ ಮಾಡಿಸ್ತಿಲ್ಲ.

1979ರ "ಅಪೋಕ್ಯಾಲಿಪ್ಸ್ ನೌ" ಸಿನಿಮಾ ಶುರುವಾಗೋದೇ ಹೆಲಿಕಾಪ್ಟರ್ ಸದ್ದಿಂದ. ಆಗ 70 ಎಂಎಂ ಪ್ರಿಂಟ್ ಹಾಕಿದ ಥಿಯೇಟರ್‌ಗಳಲ್ಲಿ ಹಿಂದಿನ ಎಡಕ್ಕೆ ಬೇರೆ, ಹಿಂದಿನ ಬಲಕ್ಕೆ ಬೇರೆ ಸದ್ದು ಕೊಟ್ಟು ಆ ಹೆಲಿಕಾಪ್ಟರನ್ನ ಜನರ ತಲೆ ಸುತ್ತ ತಿರುಗಿಸಿದ್ರು. ಇವತ್ತಿನ 5.1ಕ್ಕೆ ದಾರಿ ಹಾಕಿದ್ದು ಅದು. ಅಷ್ಟೆಲ್ಲ ಕಷ್ಟಪಟ್ಟು ಅವರು ಹಿಂದಕ್ಕೆ ಕಳಿಸಿದ ಸದ್ದನ್ನ ನಾವು ವಾಪಸ್ ಎತ್ಕೊಂಡು ಬಂದು ಟಿವಿ ಕೆಳಗೆ ಇಡ್ತೀವಿ. ಯಾಕೆ? ವೈರ್ ಕಾಣುತ್ತೆ ಅಂತ!

ಎಲ್ಲಿಡಬೇಕು ಅನ್ನೋದಕ್ಕೆ ಗುಟ್ಟೇನಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದವರು ಬರೆದಿಟ್ಟಿದ್ದಾರೆ. ನೀವು ಕೂತ ಜಾಗದಿಂದ ಟಿವಿ ನೇರಕ್ಕೆ ಸೆಂಟರ್. ಅಲ್ಲಿಂದ ಎಡಕ್ಕೆ 30 ಡಿಗ್ರಿ, ಬಲಕ್ಕೆ 30 ಡಿಗ್ರಿ ಮುಂದಿನವು. ಹಿಂದಿನವು 100ರಿಂದ 120 ಡಿಗ್ರಿ ಒಳಗೆ. ಗಮನಿಸಿ, ಬೆನ್ನ ಹಿಂದೆ ಅಂಟಿಕೊಂಡಲ್ಲ, ಭುಜಕ್ಕಿಂತ ಸ್ವಲ್ಪ ಹಿಂದೆ, ಪಕ್ಕಕ್ಕೆ. ಎತ್ತರ ಕಿವಿ ಮಟ್ಟಕ್ಕೆ, ಇಲ್ಲಾ ಒಂಚೂರು ಮೇಲೆ. ಸೂರಿಗೆ ನೇತು ಹಾಕಬೇಡಿ, ದೇವರ ಫೋಟೊ ಅಲ್ಲ ಅದು.

ನಮ್ದು ಬಾಡಿಗೆ ಮನೆ. ಗೋಡೆಗೆ ಮೊಳೆ ಅಂದ್ರೆ ಓನರ್ ಅಂಕಲ್ ಮೆಟ್ಟಿಲು ಇಳಿದು ಬರ್ತಾರೆ. ಅದಕ್ಕೆ ಹಿಂದಿನ ಎರಡಕ್ಕೂ ಹಳೇ ಸ್ಟೂಲ್ ಇಟ್ಟೆ. ವೈರನ್ನ ನೆಲದಂಚಿಗೆ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿಯೊಳಗೆ ಎಳೆದು ಎರಡೂ ಕಡೆ ಅಂಟೋ ಟೇಪ್ ಹಾಕಿದೆ. ಬಾಗಿಲ ಹತ್ತಿರ ಮಾತ್ರ ಚೌಕಟ್ಟಿನ ಮೇಲಿಂದ ಸುತ್ತಿಸಬೇಕಾಯ್ತು. ಒಟ್ಟು ಖರ್ಚು 640 ರೂಪಾಯಿ, ಒಂದು ಭಾನುವಾರ. ಕೆಂಪು ತುದಿ ಕೆಂಪಿಗೇ ಹೋಗಬೇಕು, ಕಪ್ಪು ಕಪ್ಪಿಗೇ. ಒಂದು ಸ್ಪೀಕರ್‌ಗೆ ಅದಲು ಬದಲಾದ್ರೆ ಒಂದು ಒಳಗೆಳೆಯೋ ಹೊತ್ತಿಗೆ ಇನ್ನೊಂದು ಹೊರಗೆ ತಳ್ಳುತ್ತೆ, ಸೌಂಡ್ ಪೊಳ್ಳಾಗುತ್ತೆ. ನಾನು ಮೊದಲ ಸಲ ಒಂದನ್ನ ತಿರುಗಾಮುರುಗಾ ಹಾಕಿ ಅರ್ಧ ದಿನ ಸ್ಪೀಕರ್‌ನ ಬೈಕೊಂಡೆ.

ಭಾಗ 4

ಇದು ಅಜ್ಜಿ ಭಾಗ.

ಅಜ್ಜಿಗೆ ಒಂದು ಕಿವಿ ಮಂದ. ಸಂಜೆ ಸೀರಿಯಲ್ ಅವರದ್ದು, ಆ ಹೊತ್ತಲ್ಲಿ ರಿಮೋಟ್ ಮುಟ್ಟೋ ಧೈರ್ಯ ಯಾರಿಗೂ ಇಲ್ಲ. ಹೋಂ ಥಿಯೇಟರ್ ಬಂದ ಒಂದೇ ವಾರಕ್ಕೆ ಅಜ್ಜಿ ಹಾಲ್ ಬಿಟ್ರು. ಅಡುಗೆಮನೆ ಮೆಟ್ಟಿಲ ಮೇಲೆ ಕೂತು ಅಮ್ಮನ ಫೋನಲ್ಲಿ ಸೀರಿಯಲ್ ನೋಡೋಕೆ ಶುರು ಮಾಡಿದ್ರು. ಯಾಕಜ್ಜಿ ಅಂದ್ರೆ, "ಅದ್ರಲ್ಲಿ ಗುಡುಗು ಬರ್ತದೆ, ಮಾತು ಬರಲ್ಲ ಕಣೋ" ಅಂದ್ರು. ನಾವು ನಕ್ವಿ. ಅಜ್ಜಿಗೆ ಏನ್ ಗೊತ್ತು ಅಂತ.

ಅಜ್ಜಿ ಹೇಳಿದ್ದೇ ಸರಿ. 5.1ರಲ್ಲಿ ಸಿನಿಮಾದ ಮಾತು ಬಹುಪಾಲು ಬರೋದು ಸೆಂಟರ್ ಸ್ಪೀಕರಿಂದ. ನಮ್ಮ ಸೆಂಟರ್ ಎಲ್ಲಿತ್ತು? ಶೋಕೇಸ್ ಒಳಗಿನ ಅರೆಯಲ್ಲಿ, ಸೆಟ್‌ಟಾಪ್ ಬಾಕ್ಸ್ ಹಿಂದೆ, ನನ್ನ ಕಬಡ್ಡಿ ಕಪ್ ಅಡ್ಡ. (ಫೋಟೊದಲ್ಲಿ ಸಾಲಾಗಿದ್ದಿದ್ದು ಫೋಟೊಗಷ್ಟೇ. ಆಮೇಲೆ ಜಾಗ ಸಾಲದೆ ಒಳಗೆ ತುರುಕಿದ್ವಿ.) ಮಾತು ಹಲಗೆಗೆ ಬಡಿದು ಅಲ್ಲೇ ಸಾಯ್ತಿತ್ತು. ಮೂಲೆಯ ಸಬ್ ಮಾತ್ರ ಗಂಡಸರ ದನಿಯನ್ನೆಲ್ಲ ಗುಮ್ಮಟದಲ್ಲಿ ಕೂಗಿದ ಹಾಗೆ ಮಾಡ್ತಿತ್ತು.

"ಥಿಯೇಟರ್ ಫೀಲ್ ಬೇಕು" ಅನ್ನೋರು ಥಿಯೇಟರ್ ಪರದೆಯನ್ನ ಯಾವತ್ತಾದ್ರೂ ಹತ್ತಿರ ಹೋಗಿ ನೋಡಿದ್ದೀರಾ? ಅದರ ತುಂಬಾ ಸಣ್ಣ ಸಣ್ಣ ತೂತು ಇರುತ್ತೆ. ಸೆಂಟರ್ ಸ್ಪೀಕರ್ ಪರದೆಯ ಹಿಂದೆ ನಿಂತಿರುತ್ತೆ, ಮಾತು ನಟನ ಬಾಯಿಂದಲೇ ಬಂತು ಅನ್ನಿಸಲಿ ಅಂತ. ಥಿಯೇಟರ್ ಕಟ್ಟಿದವರು ಮಾತಿಗೆ ಅಷ್ಟು ಮರ್ಯಾದೆ ಕೊಡ್ತಾರೆ. ನಾವು ಮಾತನ್ನ ಕಪ್ ಹಿಂದೆ ಇಟ್ಟು, ಬೇಸ್‌ಗೆ ಹೂವಿನ ಕುಂಡ ಇಟ್ಟು ಪೂಜೆ ಮಾಡ್ತೀವಿ.

ಸೆಂಟರನ್ನ ಹೊರಗೆ ತೆಗೆದು, ಅರೆಯ ತುದಿಗೆ ಎಳೆದು, ಕೆಳಗೆ ಎರಡು ರಬ್ಬರ್ ತುಂಡು ಕೊಟ್ಟು ಮೂತಿಯನ್ನ ಸೋಫಾ ಕಡೆಗೆ ಸ್ವಲ್ಪ ಮೇಲಕ್ಕೆ ಎತ್ತಿದೆ. ಸೆಂಟರ್ ವಾಲ್ಯೂಮ್ ಎರಡು ಪಾಯಿಂಟ್ ಏರಿಸಿ, ಸಬ್ ಆರು ಪಾಯಿಂಟ್ ಇಳಿಸಿದೆ. ಅಜ್ಜಿ ಏನೂ ಹೊಗಳಲಿಲ್ಲ. ಮೂರನೇ ದಿನ ಹಾಲ್‌ನಲ್ಲಿ ಕೂತು "ಆ ಸೊಸೆ ಬಾಯಿ ಮುಚ್ಚಲ್ಲ" ಅಂತ ಬೈತಿದ್ರು. ಮಾತು ಕೇಳಿಸ್ತಿದೆ ಅಂತ ಅರ್ಥ.

ಭಾಗ 5

ಈ ಭಾಗ ಬರೆಯೋಕೆ ನಂಗೆ ನಾಚಿಕೆ ಆಗುತ್ತೆ, ಆದ್ರೂ ಬರೀತೀನಿ.

ನಮ್ಮ ಸಬ್ ಇದ್ದ ಮೂಲೆಯ ಆಚೆ ಪಕ್ಕದ ಮನೆ ಆಂಟಿಯ ರೂಮು. ನಡುವೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಒಂದೇ. ಆಂಟಿ ನರ್ಸ್. ವಾರ ಬಿಟ್ಟು ವಾರ ನೈಟ್ ಡ್ಯೂಟಿ, ಹಗಲೇ ನಿದ್ದೆ. ನಾನು ಕಾಲೇಜು ಮುಗಿಸಿ ಎರಡು ಗಂಟೆಗೆ ಬಂದು ಸಿನಿಮಾ ಹಾಕ್ತಿದ್ದೆ.

ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡೋಕೆ ಅವರ ಮನೆಗೆ ಹೋದೆ. ಅಡುಗೆಮನೆಯಲ್ಲಿ, ಸಿಲಿಂಡರ್ ಪಕ್ಕ, ಚಾಪೆ ಹಾಸಿಗೆ ಹಾಸಿತ್ತು. ಇಲ್ಯಾಕೆ ಆಂಟಿ ಮಲಗ್ತೀರ ಅಂದೆ. "ಆ ರೂಮಲ್ಲಿ ಮಲಗಿದ್ರೆ ಎದೆ ಹೊಡ್ಕೊಂಡ ಹಾಗೆ ಆಗುತ್ತೆ ಕಣಪ್ಪಾ, ಬಿಪಿ ಇರ್ಬೇಕು" ಅಂದ್ರು. ಬಿಪಿ ಅಲ್ಲ. ನಾನು.

ದೀಪಾವಳಿಯಿಂದ ಸಂಕ್ರಾಂತಿವರೆಗೆ ಒಂದು ಮಾತೂ ಆಡಿರಲಿಲ್ಲ ಅವರು. ಅವರಿಗೆ ಅದು ಸಿನಿಮಾ ಅಂತಲೇ ಗೊತ್ತಿರಲಿಲ್ಲ. ಮನೆಗೆ ಬಂದು ತಂಗಿಗೆ ಸಿನಿಮಾ ಹಾಕೋಕೆ ಹೇಳಿ ನಾನು ಆ ರೂಮಲ್ಲಿ ಹೋಗಿ ನಿಂತೆ. ಹಾಡಿಲ್ಲ, ಮಾತಿಲ್ಲ, ಕಥೆಯಿಲ್ಲ. ಧಬ್. ಧಬ್. ಧಬ್. ಅಷ್ಟೇ. ಮೇಲಿನ ಸ್ವರಗಳನ್ನೆಲ್ಲ ಗೋಡೆ ತಡೆದು, ಬೇಸ್ ಒಂದನ್ನೇ ಸೋಸಿ ಆಕಡೆ ಕೊಡ್ತಿತ್ತು. ನಿಮ್ಮ ನೋಟು ಹಾರೋ ರೀಲ್‌ನ ಇನ್ನೊಂದು ಬದಿ ಅದು. ಒಂದು ಸಲ ಆ ಬದಿಯಲ್ಲಿ ನಿಂತು ರೆಕಾರ್ಡ್ ಮಾಡಿ ಹಾಕಿ, ಎಷ್ಟು ಲೈಕ್ ಬರುತ್ತೆ ನೋಡೋಣ.

ಈಗ ಅಸಲಿ ವಿಷಯ. ನಾನು ಬೇಸ್ ಅಷ್ಟು ಜೋರು ಇಟ್ಟಿದ್ದು ನನಗೆ ಬೇಸ್ ಕೇಳಿಸ್ತಿರಲಿಲ್ಲ ಅಂತ! ಹೌದು. ನಾನು ಕೂರ್ತಿದ್ದದ್ದು ಹಾಲ್ ನಟ್ಟನಡುವೆ, ಚಾಪೆ ಮೇಲೆ. ನಮ್ಮ ಹಾಲ್ 12 ಅಡಿ ಉದ್ದ, 10 ಅಡಿ ಅಗಲ. 12 ಅಡಿಯಲ್ಲಿ 47 ಹರ್ಟ್ಸ್ ಹತ್ತಿರದ ಬೇಸ್ ಎರಡು ಗೋಡೆ ನಡುವೆ ಸಿಕ್ಕಿಬಿದ್ದು ಉಯ್ಯಾಲೆ ಆಡುತ್ತೆ. ಗೋಡೆ ಹತ್ತಿರ ಅದರ ಜೋರು ಜಾಸ್ತಿ, ನಡುವೆ ಹೆಚ್ಚುಕಮ್ಮಿ ಸೊನ್ನೆ. ಅಗಲದ ಕಡೆ ಇದೇ ಆಟ 56 ಹರ್ಟ್ಸ್ ಸುತ್ತ. ಮೂಲೆಯಲ್ಲಿಟ್ಟ ಸಬ್ ಈ ಎರಡನ್ನೂ ಸರಿಯಾಗಿ ಕೆರಳಿಸುತ್ತೆ. ನಾನು ಸೊನ್ನೆ ಜಾಗದಲ್ಲಿ ಕೂತು "ಬೇಸ್ ಸಾಲಲ್ಲ" ಅಂತ ತಿರುಗಿಸಿದೆ, ತಿರುಗಿಸಿದೆ, ಫುಲ್ ಮಾಡಿದೆ. ಅಷ್ಟೂ ಬೇಸ್ ಗೋಡೆಗೆ ಹೋಯ್ತು, ಅಲ್ಲಿಂದ ಆಂಟಿಯ ಎದೆಗೆ.

ಜಾಗ ಹುಡುಕೋಕೆ ಒಂದು ಹಳೇ ಉಪಾಯ ಇದೆ. ಸಬ್‌ವೂಫರನ್ನ ಎತ್ತಿ ನೀವು ಕೂರೋ ಜಾಗದಲ್ಲಿ, ಅಂದ್ರೆ ಸೋಫಾ ಮೇಲೇ ಕೂರಿಸಿ. ಬೇಸ್ ಇರೋ ಹಾಡು ಮೆತ್ತಗೆ ಹಾಕಿ. ಆಮೇಲೆ ನೀವು ಗೋಡೆ ಬದಿಯಲ್ಲಿ ಅಂಬೆಗಾಲಿಡುತ್ತಾ ಕಿವಿಯನ್ನ ನೆಲದ ಹತ್ತಿರ ಇಟ್ಟು ಕೇಳ್ತಾ ಹೋಗಿ. ಕೆಲವು ಕಡೆ ಗುಂಯ್ ಅನ್ನುತ್ತೆ, ಕೆಲವು ಕಡೆ ಮಾಯ ಆಗುತ್ತೆ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಒಂದೇ ಸಮನಾಗಿ ಎಲ್ಲಿ ಕೇಳುತ್ತೋ ಅಲ್ಲಿ ಸಬ್ ಇಡಿ. ನಾನು ಹಾಗೆ ಹೋಗ್ತಿರುವಾಗ ಅಜ್ಜಿ "ಏನ್ ಕಳ್ಕೊಂಡ್ಯೋ?" ಅಂದ್ರು. ತಂಗಿ ವಿಡಿಯೊ ಮಾಡಿದ್ದಾಳೆ, ಅದನ್ನ ಹಾಕಲ್ಲ.

ನಮಗೆ ಸಿಕ್ಕ ಜಾಗ ಟಿವಿ ಸ್ಟ್ಯಾಂಡ್ ಮತ್ತು ಬಾಗಿಲ ನಡುವೆ, ಆಂಟಿ ಗೋಡೆಯ ಎದುರು ಬದಿ. ನಮ್ಮಂಥ ಸೆಟ್‌ಗಳಲ್ಲಿ ಆಂಪ್ಲಿಫೈಯರ್ ಸಬ್ ಡಬ್ಬದೊಳಗೇ ಇರೋದರಿಂದ ಐದು ಸ್ಪೀಕರ್ ವೈರನ್ನೂ ಮತ್ತೆ ಎಳೀಬೇಕಾಯ್ತು. ಚಾಪೆ ಬಿಟ್ಟು ಸೋಫಾಗೆ ಬಂದೆ, ಸೋಫಾನೂ ಗೋಡೆಯಿಂದ ಒಂದಡಿ ಮುಂದೆ ಬಂತು. ಬೇಸ್ ಈಗ ಮೊದಲಿನ ಅರ್ಧಕ್ಕಿಂತ ಕಮ್ಮಿ ಇಟ್ಟಿದ್ದೀನಿ, ಮೊದಲಿಗಿಂತ ಚೆನ್ನಾಗಿ ಕೇಳುತ್ತೆ. 2022ರ "ಕಾಂತಾರ" ಮತ್ತೆ ಹಾಕಿ ನೋಡಿದೆ. ಕ್ಲೈಮ್ಯಾಕ್ಸಿನ ಕೂಗು ಮೈ ಜುಮ್ ಅನ್ನಿಸುತ್ತೆ. ಆ ಕೂಗು ಬೇಸ್ ಅಲ್ಲ ಕಣ್ರೋ, ಮನುಷ್ಯನ ಗಂಟಲು. ಮೊದಲು ಧಬ್ ಧಬ್ ಅಡಿಯಲ್ಲಿ ಅದು ಹೂತುಹೋಗಿತ್ತು.

ಭಾಗ 6

"ನಮ್ಮನೆ, ನಮ್ಮ ದುಡ್ಡು, ನಮ್ಮಿಷ್ಟ."

ಸರಿ. ನಿಮ್ಮ ಮನೆ ಒಳಗೇ ಇಟ್ಕೊಳ್ಳಿ ಮತ್ತೆ. ಹೊರಗೆ ಹೋಗಿದ್ದು ನಿಮ್ದಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇದೆ. ರಾತ್ರಿ ಅಂದ್ರೆ ಹತ್ತರಿಂದ ಬೆಳಿಗ್ಗೆ ಆರು. ಆದ್ರೆ ಆ ಮಿತಿ ಅಳೆಯೋದು "ಎ" ತೂಕದ ಡೆಸಿಬಲ್‌ನಲ್ಲಿ, ಅದು 50 ಹರ್ಟ್ಸ್ ಬೇಸ್‌ಗೆ ಸುಮಾರು 30 ಡೆಸಿಬಲ್ ರಿಯಾಯಿತಿ ಕೊಟ್ಟುಬಿಡುತ್ತೆ. ಅಂದ್ರೆ ಆಂಟಿ ಮೀಟರ್ ತಂದು ಅಳೆದಿದ್ರೂ ಕಾಗದದ ಮೇಲೆ ನಾನು ನಿರಪರಾಧಿ ಆಗ್ತಿದ್ನೋ ಏನೋ. ಅದಕ್ಕೇ ಕಾನೂನು ತೋರಿಸಿ ತಪ್ಪಿಸ್ಕೋಬೇಡಿ. ಕಾನೂನು ಕೈಕೊಡೋ ಕಡೆ ಪಕ್ಕದ ಮನೆ ಬಾಗಿಲು ತಟ್ಟಿ ಕೇಳೋದೊಂದೇ ಮೀಟರ್.

"ಮೊಟ್ಟೆ ಟ್ರೇ ಅಂಟಿಸಿದ್ರೆ ಸೌಂಡ್‌ಪ್ರೂಫ್ ಆಗುತ್ತೆ." ಆಗಲ್ಲ. ದಪ್ಪ ಪರದೆ, ಕಾರ್ಪೆಟ್, ಟ್ರೇ ಎಲ್ಲಾ ಚೂಪು ಸ್ವರವನ್ನ ಒಂದಷ್ಟು ಹೀರ್ತವೆ, ಬೇಸ್ ಅದನ್ನ ನೋಡಿ ನಗುತ್ತೆ. ಸಬ್ ಕೆಳಗೆ ರಬ್ಬರ್ ಮ್ಯಾಟ್ ಹಾಕಿದ್ರೆ ನೆಲ, ಶೋಕೇಸ್ ಅದುರೋದು ಕಮ್ಮಿ ಆಗುತ್ತೆ, ಗಾಳಿಯಲ್ಲಿ ಹೋಗೋದು ನಿಲ್ಲಲ್ಲ. ನಿಲ್ಲಿಸೋ ಒಂದೇ ವಸ್ತು ವಾಲ್ಯೂಮ್ ಗುಂಡಿ. ಅದು ಫ್ರೀ.

"ಸಬ್ ಇಲ್ಲದೆ ಕಿಕ್ ಇಲ್ಲ ಗುರು." ಸಬ್ ತೆಗೀರಿ ಅಂತ ನಾನೆಲ್ಲಿ ಹೇಳಿದೆ? ಪುಟ್ಟ ಸ್ಪೀಕರ್‌ಗಳಿಗೆ ತಳದ ಸ್ವರ ಎತ್ತೋ ಶಕ್ತಿ ಇಲ್ಲ, ಅದಕ್ಕೇ ಸಬ್ ಬೇಕೇ ಬೇಕು. 5.1ರಲ್ಲಿ ಕೊನೇ ಚಾನಲ್‌ಗೆ ಪಾಯಿಂಟ್ ಒಂದು ಅಂತ ಯಾಕಂದ್ರು? ಉಳಿದ ಐದು ಪೂರ್ತಿ ಶ್ರೇಣಿ, 20,000 ಹರ್ಟ್ಸ್‌ವರೆಗೆ. ಇದರ ವ್ಯಾಪ್ತಿ 120 ಹರ್ಟ್ಸ್‌ವರೆಗೆ ಮಾತ್ರ. ಅಡುಗೆಯಲ್ಲಿ ಇಂಗು ಇದ್ದ ಹಾಗೆ. ನೀವು ಇಂಗನ್ನೇ ಅನ್ನಕ್ಕೆ ಕಲಸಿ ತಿಂದು, ಘಮ ನೋಡ್ರೋ ಅಂತ ರೀಲ್ ಹಾಕ್ತಿದೀರ.

ಭಾಗ 7

ಚಿಕ್ಕದು, ಆದ್ರೆ ನಿಮ್ಮಲ್ಲಿ ಹೆಚ್ಚಿನವರು ಇಲ್ಲೇ ಬಿದ್ದಿರೋದು. ಫೋನಿಂದ ಬ್ಲೂಟೂತ್‌ನಲ್ಲಿ ಸಿನಿಮಾ ಹಾಕಿ "5.1 ನೋಡ್ರೋ" ಅಂತೀರ. ಬ್ಲೂಟೂತ್‌ನಲ್ಲಿ ಬರೋದು ಎರಡೇ ಚಾನಲ್. ಡಬ್ಬ ಅದನ್ನೇ ಐದಕ್ಕೂ ಹಂಚುತ್ತೆ. ಐದು ಸ್ಪೀಕರ್ ಕೂಗ್ತಿದೆ ಅಂದ ಮಾತ್ರಕ್ಕೆ ಐದು ಮಾತಾಡ್ತಿದೆ ಅಂತಲ್ಲ. ಟಿವಿಯಿಂದ ಎಚ್‌ಡಿಎಂಐ ಎಆರ್‌ಸಿ ಇಲ್ಲಾ ಆಪ್ಟಿಕಲ್ ವೈರ್ ಹಾಕಿ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ "ಪಿಸಿಎಂ" ಅಂತಿದ್ರೆ "ಬಿಟ್‌ಸ್ಟ್ರೀಮ್" ಇಲ್ಲಾ "ಆಟೋ" ಮಾಡಿ. ನಮ್ಮ ಟಿವಿ ಎರಡು ತಿಂಗಳು ಪಿಸಿಎಂನಲ್ಲಿತ್ತು. ಹಿಂದಿನ ಸ್ಪೀಕರ್‌ಗೆ ನಿಜವಾದ ಕೆಲಸ ಸಿಕ್ಕಿದ್ದೇ ಅದನ್ನ ಬದಲಾಯಿಸಿದ ದಿನ. ಮಳೆ ಸೀನಲ್ಲಿ ಅಮ್ಮ ಎದ್ದು ಬಟ್ಟೆ ಎತ್ಕೊಂಡು ಬರೋಕೆ ಹೊರಗೆ ಹೋದ್ರು.

ಇನ್ನೊಂದು, ಹಿಂದಿನವು ನಿಮಗೆ ತೀರಾ ಹತ್ತಿರ ಇದ್ರೆ ಅವುಗಳ ವಾಲ್ಯೂಮ್ ಇಳಿಸಿ. ಶಬ್ದಕ್ಕೆ ಒಂದಡಿ ದಾಟೋಕೆ ಒಂದು ಮಿಲಿಸೆಕೆಂಡ್ ಹತ್ತಿರ ಬೇಕು, ದೂರದ ಸ್ಪೀಕರ್ ಸದ್ದು ತಡವಾಗಿ ಬರುತ್ತೆ. ದುಬಾರಿ ರಿಸೀವರ್‌ಗಳಲ್ಲಿ ದೂರ ಅಳೆದು ಹಾಕಿದ್ರೆ ಅದೇ ಸರಿ ಮಾಡ್ಕೊಳ್ಳುತ್ತೆ. ನಮ್ಮ ಸೆಟ್‌ನಲ್ಲಿ ಆ ಭಾಗ್ಯ ಇಲ್ಲ.

ಭಾಗ 8

ಕೊನೇ ಫೋಟೊ. ಇದಕ್ಕೆ ಲೈಕ್ ಬರಲ್ಲ ಅಂತ ಗೊತ್ತು. ಸ್ಟೂಲ್ ಮೇಲೆ ಸ್ಪೀಕರ್, ಗೋಡೆ ಅಂಚಿಗೆ ಬಿಳೀ ಪಟ್ಟಿ, ಬಾಗಿಲ ಪಕ್ಕ ಬೋಳು ಸಬ್‌ವೂಫರ್. ಕುಂಡ ಈಗ ಫ್ರಿಡ್ಜ್ ಮೇಲಿದೆ. ಹಾರೋ ನೋಟಿಲ್ಲ, ಕುಣಿಯೋ ನೀರಿಲ್ಲ. ಸರಿಯಾಗಿ ಇಟ್ಟ ಸ್ಪೀಕರ್ ಫೋಟೊದಲ್ಲಿ ಏನೂ ಕಾಣಲ್ಲ, ಅದಕ್ಕೇ ಯಾರೂ ಸರಿಯಾಗಿ ಇಡಲ್ಲ.

ಆಂಟಿ ರೂಮಿಗೆ ಮಂಚ ವಾಪಸ್ ಬಂದಿದೆ. ಪೂರ್ತಿ ನಿಂತಿಲ್ಲ, ಜೋರು ಸೀನ್ ಬಂದ್ರೆ ಇನ್ನೂ ಒಂಚೂರು ಕೇಳುತ್ತೆ ಅಂದ್ರು, ಕೇಳಿದ್ದಕ್ಕೇ ಅಂದ್ರು. ಫ್ರಿಡ್ಜ್ ಬಾಗಿಲಲ್ಲಿ ಕುಂಡದ ಕೆಳಗೆ ಕಾಣ್ತಿದೆಯಲ್ಲ, ಒಂದು ರೂಲ್ಡ್ ಹಾಳೆ? ಅದು ಅವರ ಡ್ಯೂಟಿ ಚಾರ್ಟು. ನೈಟ್ ಇರೋ ವಾರ ಹಗಲು ಸಬ್ ಸ್ವಿಚ್ ಆಫ್. ಈ ವಾರ ನೈಟು. ನಾಳೆ ಮಧ್ಯಾಹ್ನ ಸಿನಿಮಾ ನೋಡೋಕೆ ಬರ್ತೀನಿ ಅಂದವರು ಸೋಮವಾರದ ಮೇಲೆ ಬನ್ನಿ. ನಿಮ್ಮನೇಲಿ ಸೆಟ್ ಮಾಡಿಕೊಡಬೇಕು ಅಂದ್ರೆ ಮೆಸೇಜ್ ಹಾಕಿ, ಅಳತೆ ಟೇಪ್ ನಂದು, ಕಾಫಿ ನಿಮ್ದು.